ಅಂಜನಾಬಾಯಿಯ ಅಬೋಲಾ

ಬೀದರದ ಮೈಲೂರದಾಗ ಪ್ರಮಿಲಾನ ಮನಿ ಎಲ್ಲಿ ಅಂತ ಕೇಳಿದ್ರ ಮಂದಿ ತಿರುಗಿ ಒಂದು ಮಾತು ಕೇಳ್ತಾರ: "ಯಾವ ಪ್ರಮಿಲಾರಿ? ಅತ್ತಿ ಸಂಗಟ ಮಾತು ಬಿಟ್ಟಾಳಲ್ಲ, ಅಕಿನೇನು?" ಹೌದು ಅಂದ್ರ ಓಣಿ ತೋರಸ್ತಾರ.

ಹಿಂಗ ಮಾತು ಬಿಡೋದಕ್ಕ ಆ ಕಡಿ ಮಂದಿ ಅಬೋಲಾ ಅಂತಾರ. ಹೆಸರು ಮರಾಠಿದು, ಆದ್ರ ಕನ್ನಡ ಮಾತಾಡೋ ಮನ್ಯಾಗೂ ಅಷ್ಟೇ ಛಂದ ನಡೀತದ. ಪ್ರಮಿಲಾನ ಮದುವಿ ಆಗಿ ಇಪ್ಪತ್ತಾರು ವರ್ಷ. ಅದರಾಗ ಅತ್ತಿ ಅಂಜನಾಬಾಯಿ ಸಂಗಟ ಮಾತು ನಡದಿದ್ದು ಎಲ್ಲಾ ಕೂಡಿಸಿದ್ರ ಹತ್ತು ವರ್ಷ ಆದೀತು. ಒಂದು ಅಬೋಲಾ ಉಪ್ಪಿನಕಾಯಿ ಬರಣಿ ಮುಚ್ಚಳದ ಸಲುವಾಗಿ ಹದಿನಾಲ್ಕು ತಿಂಗಳು ನಡೀತು. ಆ ವರ್ಷ ಓಣ್ಯಾಗಿನ ಗುಬ್ಬಿಗೋಳು ಸೈತ ಅವರ ಮನಿ ಮ್ಯಾಲಿಂದ ಹಾರೂ ಮುಂದ ಚಿಂವ್ ಅನ್ನೋದು ನಿಲ್ಲಿಸಿ, ಆಚಿ ಮನಿ ಮಾಳಗಿ ಬಂದ ಮ್ಯಾಲ ಮತ್ತ ಶುರು ಮಾಡ್ತಿದ್ವು. ಸುಳ್ಳಂದ್ರ ಬಾಜೂ ಮನಿ ಖತೀಜಾ ಬೇಗಂಗ ಕೇಳಬೋದು.

ಅಬೋಲಾಕ್ಕ ಕಾಯ್ದೆ ಅವ. ಅಡಗಿ ಮಾಡಿ ಹಾಕಬೇಕು, ಛಾ ಕೊಡಬೇಕು, ಹಾಸಿಗಿ ಝಾಡಿಸಬೇಕು, ಬರೀ ಮಾತಷ್ಟೇ ಬಂದ್. ಮೊದಲು ಬಾಯಿ ತಗದಾಕಿ ಸೋತಂಗ. ಮಾತು ಬೇಕೇ ಬೇಕು ಅಂತ ಬಿದ್ದರ ನಡುವ ಪ್ರಮಿಲಾನ ಗಂಡ ಮಾಧವ ಇದ್ದ. ಮಾಧವ ಬೀದರ-ಔರಾದ ಬಸ್ಸಿನ ಕಂಡಕ್ಟರ್. ದಿನಾ ಮಂದೀನ ಇಲ್ಲಿಂದ ಅಲ್ಲಿಗಿ ಮುಟ್ಟಸ್ತಿದ್ದ, ಮನಿಗಿ ಬಂದು ಅವ್ವನ ಮಾತು ಹೆಂಡತಿಗಿ, ಹೆಂಡತಿ ಮಾತು ಅವ್ವಗ ಮುಟ್ಟಸ್ತಿದ್ದ. ದಾರ್‍ಯಾಗ ಒಂದೆರಡು ಬೈಗುಳ ಇಳಿಸಿಬಿಡ್ತಿದ್ದ, ಅದಕ್ಕೇ ಸಂಸಾರ ಉಳದಿತ್ತು.

ಈ ಸಲದ್ದು ಎಳ್ಳಮಾಸಿಯಿಂದ ಹುಟ್ಟಿತು. ಹಬ್ಬಕ್ಕ ಎಲ್ಲಾರೂ ಭಾಲ್ಕಿ ಕಡಿ ಭಾತಂಬ್ರಾಕ್ಕ, ಮಾಧವನ ಅಕ್ಕ ಜಿಜಾಬಾಯಿ ಹೊಲಕ್ಕ ಹೋಗಿದ್ರು. ಭಜ್ಜಿ, ಅಂಬಲಿ, ಸಜ್ಜಿ ರೊಟ್ಟಿ. ಜಿಜಾಬಾಯಿಗಿ ಆವತ್ತು ಕೆಮ್ಮಿತ್ತು. ಅಕಿ ಭಜ್ಜಿ ಬಡಸ್ಕೋತ ಕೆಮ್ಮಿದ ಕೆಮ್ಮಿಗಿ ಹೊಲದಾಗಿನ ಬೆದರುಗೊಂಬಿ ಮೂತಿ ಆ ಕಡಿ ತಿರುವಿತ್ತು ಅಂತ ಮಾಧವ ಇವತ್ತಿಗೂ ಹೇಳ್ತಾನ. ಬೆದರುಗೊಂಬಿಗಿದ್ದಷ್ಟು ಬುದ್ಧಿ ಉಳದವರಿಗಿ ಇದ್ದಿಲ್ಲ. ಎಲ್ಲಾರೂ ಎರಡೆರಡು ಸಲ ಬಡಸ್ಕೊಂಡು ಉಂಡ್ರು.

ಮೂರು ದಿನಕ್ಕ ಮಾಧವ ಮಲಗಿದ, ಮರುದಿನ ಮಗಳು ಶರ್ವರಿ, ಅದರ ಮರುದಿನ ಪ್ರಮಿಲಾ. ಕಡೀಕ ಎಪ್ಪತ್ಮೂರು ವರ್ಷದ ಅಂಜನಾಬಾಯಿ. ಮೈ ಸುಡೋ ಜ್ವರಾ, ಒಣಾ ಕೆಮ್ಮು. ಔಷಧಿ ಅಂಗಡ್ಯಾವ "ಫ್ಲೂ ಅದರಿ, ಎಲ್ಲಾ ಕಡಿ ನಡದದ" ಅಂತ ಹೇಳಿ ಗುಳಗಿ ಕಟ್ಟಿಕೊಟ್ಟ. ಮನ್ಯಾಗ ಪಂಚಾಯತಿ ಕೂಡಿತು, ಹಾಸಿಗ್ಯಾಗ ಮಲಗಿಕೊಂಡೇ.

"ನೀವೇ ತಂದೀರಿ," ಅಂದ್ಳು ಪ್ರಮಿಲಾ ಗಂಡಗ. "ದಿನಾ ಅರವತ್ತು ಮಂದಿ ಕೆಮ್ಮು ಹೊತ್ಕೊಂಡು ಬರ್ತೀರಿ ಬಸ್ಸಿನಾಗಿಂದ."

"ಆ ಕೆಮ್ಮಿಗಿ ನಾ ಟಿಕೀಟ್ ಹರದಿಲ್ಲ," ಅಂದ ಮಾಧವ.

"ಪಪ್ಪಾ, ಜಿಜಾ ಆತ್ಯಾನ ಹೊಲದಾಗಿಂದು ಇದು," ಅಂದ್ಳು ಶರ್ವರಿ. "ಭಜ್ಜಿ ಬಡಿಸೋ ಮುಂದ ನೋಡಿಲ್ಲೇನು?"

ಆ ಕ್ವಾಣ್ಯಾಗಿಂದ ಅಂಜನಾಬಾಯಿ ಎದ್ದು ಕುಂತಳು. "ನನ್ನ ಮಗಳ ಕೆಮ್ಮಿನ ಸುದ್ದಿಗಿ ಬರಬ್ಯಾಡ್ರಿ. ಅದು ಹೊಲದ ಗಾಳಿದು. ಸ್ವಚ್ಛ ಕೆಮ್ಮು."

ಪ್ರಮಿಲಾಗ ನೂರಾ ಎರಡು ಜ್ವರಾ ಇದ್ರೂ ಒಲಿ ಮುಂದ ನಿಲ್ಲೋದು ತಪ್ಪಿರಲಿಲ್ಲ. ರೊಟ್ಟಿ ಬಡೀಲಾಕ ಕೈಯಾಗ ಕಸುವಿಲ್ಲ. ಕುಕ್ಕರಿಗಿ ಅಕ್ಕಿ ಬ್ಯಾಳಿ ಹಾಕಿ ಖಿಚಡಿ ಮಾಡಿದ್ಳು, ಮುಂಜಾನಿ ಖಿಚಡಿ, ಸಂಜೀಕ ಖಿಚಡಿ. ಮೂರನೇ ದಿನ ಅಂಜನಾಬಾಯಿ ಮಗಳಿಗಿ ಫೋನ್ ಹಚ್ಚಿದ್ಳು. ಅಕಿಗಿ ಕಿವಿ ಜರಾ ಮಂದ, ಅದಕ್ಕ ಸ್ಪೀಕರ್ ಚಾಲೂ ಇಟ್ಟು ಮಾತಾಡೋದು. ಇಡೀ ಓಣಿ ಕೇಳ್ತಿತ್ತು.

"ಜಿಜಾ, ಮೂರು ದಿನಾ ಆಯ್ತವ್ವಾ. ಬರೀ ಖಿಚಡಿ. ನನ್ನ ಸೊಸಿ ನನಗ ಖಿಚಡಿಯಾಗೇ ಹುಗೀಲಾಕತ್ಯಾಳ."

ಪ್ರಮಿಲಾ ಸೌಟು ಹಿಡಕೊಂಡೇ ಹೊರಗ ಬಂದ್ಳು. "ಹಂಗಾದ್ರ ಮಗಳ ಮನಿಗೇ ಹೋಗ್ರಿ! ಹುಗ್ಗಿ ಮಾಡಿ, ತುಪ್ಪಾ ಹಾಕಿ, ಹಾದಿ ಕಾಯ್ಕೋತ ಕುಂತಾರ ಅಲ್ಲಿ ನಿಮ್ಮ ಸಲುವಾಗಿ!"

"ಕೇಳಿದೇನು ಜಿಜಾ?" ಅಂದ್ಳು ಅಂಜನಾಬಾಯಿ.

"ಕೇಳಿದೆ ಅವ್ವಾ," ಅಂತು ಫೋನು, ಮತ್ತ ಕೆಮ್ಮಿತು.

ಅಂಜನಾಬಾಯಿ ಫೋನ್ ಬಂದ್ ಮಾಡಿ ಮುಖಾ ಗ್ವಾಡಿ ಕಡಿ ತಿರುವಿದ್ಳು. ಅಬೋಲಾ ಶುರು ಆಯ್ತು. ಸೊಸಿ ಕೊಟ್ಟ ಬಿಪಿ ಗುಳಗೀನೂ ತಗೊಳ್ಳಲಿಲ್ಲ, ಹಾಸಿಗಿ ಕೆಳಗ ತುರುಕಿದ್ಳು. ಅದಕ್ಕ ಅಕಿ ಹತ್ರ ಬ್ಯಾರೇ ಕಾರಣಾನೂ ಇತ್ತು: ಜ್ವರದ ಗುಳಗಿ, ಬಿಪಿ ಗುಳಗಿ ಒಂದೇ ಹೊಟ್ಟ್ಯಾಗ ಬಿದ್ರ ತಮ್ಮ ತಮ್ಮೊಳಗ ಜಗಳಾಡ್ತಾವ ಅಂತ. ಜಗಳದ ಬಗ್ಗಿ ಅಕಿಗಿ ತಿಳದಷ್ಟು ಆ ಊರಾಗ ಮತ್ತ ಯಾರಿಗೂ ತಿಳದಿದ್ದಿಲ್ಲ.

ಮೂರು ದಿನಕ್ಕ ಜ್ವರಾ ಇಳೀತು. ಮಾಧವ ಡ್ಯೂಟಿಗಿ ಹೋದ, ಶರ್ವರಿ ಕಾಲೇಜಿಗಿ. ಮನ್ಯಾಗ ಇಬ್ಬರೇ.

ಹನ್ನೊಂದು ಗಂಟಿಗಿ ಪ್ರಮಿಲಾ ಛಾ ತಂದು ಅತ್ತಿ ಮುಂದ ಹಿಡದ್ಳು. ಅಂಜನಾಬಾಯಿ ಬಲಗೈ ಚಾಚಿದ್ಳು. ಲೋಟಾ ಬೆರಳಿಗಿ ತಾಗಿ, ಅಲ್ಲಿ ಒಂದು ಗಳಿಗಿ ನಿಂತು, ಕೆಳಗ ಬಿತ್ತು. ಛಾ ಹಾಸಿಗಿ ಮ್ಯಾಲ, ನೆಲದ ಮ್ಯಾಲ. ಅಂಜನಾಬಾಯಿ ತನ್ನ ಕೈ ನೋಡಿದ್ಳು. ಆಮ್ಯಾಲ ಸೊಸೀನ ನೋಡಿದ್ಳು. ತುಟಿ ಒಂದು ಕಡಿ ಸೊಟ್ಟ ಆಗಿತ್ತು.

ನಾಟಕ, ಅಂದುಕೊಂಡ್ಳು ಪ್ರಮಿಲಾ. ಈಗ ಛಾ ಬೇರೆ ಚೆಲ್ಲತಾಳ, ಮ್ಯಾಲ ಸೊಟ್ಟ ಮೂತಿ ಮಾಡಿ ತೋರಸ್ತಾಳ. 'ಏನಾಯ್ತರಿ' ಅಂತ ಕೇಳಿದ್ರ ತಾನೇ ಸೋತಂಗ. ಕೇಳಲಿಲ್ಲ. ಅರಬಿ ತಂದು ನೆಲಾ ಒರಸಿ ಒಳಗ ಹೋದ್ಳು. ಒಂದು ಗಂಟಿಗಿ ತಾಟು ಇಟ್ಟಳು, ಅತ್ತಿ ಗ್ವಾಡಿ ಕಡಿ ಮಲಗಿದ್ಳು. ಎರಡು ಗಂಟಿಗೂ ಊಟಾ ಹಂಗೇ ಇತ್ತು. ಉಪಾಸದ ಅಬೋಲಾ ಆ ಮನ್ಯಾಗ ಹೊಸಾದಲ್ಲ. ಪ್ರಮಿಲಾ ತಾಟು ಎತ್ತಿ ಮುಚ್ಚಿಟ್ಟು, ತನ್ನ ಊಟಾ ಮಾಡಿ, ಶಾಂತ ಮಧ್ಯಾಹ್ನ ಸಿಕ್ಕದಂತ ಒಂದು ತಾಸು ಮಲಗಿದ್ಳು.

ನಾಲ್ಕೂವರಿಗಿ ಖತೀಜಾ ಬೇಗಂ ಕರಿಬೇವು ಕೇಳಲಾಕ ಬಂದ್ಳು. "ಅಮ್ಮಾ, ತಬಿಯತ್ ಹ್ಯಾಂಗದ?" ಅಂತ ಹಾಸಿಗಿ ಹಂತ್ಯಾಕ ಹೋದಾಕಿ ಅಲ್ಲೇ ನಿಂತಳು.

"ಪ್ರಮಿಲಾಬಾಯಿ! ಇಲ್ಲಿ ಬಾ ಜಲ್ದಿ! ಅಮ್ಮಾಗ ಏನಾಗ್ಯಾದ?"

"ಏನಿಲ್ಲ ಬಿಡವಾ, ನನ್ನ ಸಂಗಟ ಮಾತು ಬಿಟ್ಟಾರ."

"ಅರೇ ನಿನ್ನ ಸಂಗಟ ಬಿಟ್ಟಿದ್ರ ನನಗ ಹೇಳ್ತಿದ್ರು, ನಿನಗ ಏನೇನು ಬೈಬೇಕೋ ಅದೆಲ್ಲಾ! ಹರ್ ದಫಾ ಹೇಳ್ತಾರ! ಇವತ್ತ ನನ್ನ ಸಂಗಟಾನೂ ಇಲ್ಲ. ಮೂ ನೋಡು, ಕೈ ನೋಡು. ಇದು ಗುಸ್ಸಾ ಅಲ್ಲ, ಲಕ್ವಾ ಹೊಡದದ, ಒಂದು ಮಗ್ಗಲಾ ಬಿದ್ದದ! ನಮ್ಮ ಮನ್ಯಾವರಿಗಿ ಹಿಂಗೇ ಆಗಿತ್ತು!"

ಖತೀಜಾನ ಮಗನ ಆಟೋದಾಗ ಹಾಕಿಕೊಂಡು ದವಾಖಾನಿ ಮುಟ್ಟೂ ತನಕ ಐದು ದಾಟಿತ್ತು. ತಲಿ ಸ್ಕ್ಯಾನ್ ಆಯ್ತು. ಶರ್ವರಿ ಕಾಲೇಜಿನಿಂದ ಓಡಿ ಬಂದ್ಳು. ಮಾಧವ ಔರಾದದಾಗ ಟಿಕೀಟಿನ ಮಷೀನ್ ಬ್ಯಾರೆಯವನ ಕೊರಳಿಗಿ ಹಾಕಿ, ಸಿಕ್ಕ ಗಾಡಿ ಹತ್ತಿ ಬಂದ.

ಡಾಕ್ಟರ್ ಬಾಯಿ ಸಣ್ಣ ವಯಸ್ಸಿನಾಕಿ, ಮಾತು ಲಗೂ ಲಗೂ. "ಕಡೀ ಸಲ ನೆಟ್ಟಗಿದ್ದಿದ್ದು ಯಾವಾಗ ನೋಡಿದ್ರಿ?"

ಎಲ್ಲಾರೂ ಪ್ರಮಿಲಾನ ಮುಖಾ ನೋಡಿದ್ರು.

"ಹನ್ನೊಂದಕ್ಕ ಛಾ ಒಯ್ಯೂ ತನಕ ನೆಟ್ಟಗಿದ್ರುರಿ," ಅಂದ್ಳು. "ಆಮ್ಯಾಲ ನಾ ಒಳಗ ಕೆಲಸದಾಗಿದ್ದೆ. ನೋಡಿಲ್ಲರಿ."

ಮೊದಲಿನ ಅರ್ಧ ಖರೇ ಇತ್ತು, ಅದು ಡಾಕ್ಟರಿಗಿ ಬೇಕಿತ್ತು. ಆಮ್ಯಾಲಿಂದು ಸುಳ್ಳಿತ್ತು, ಅದು ಪ್ರಮಿಲಾಗ ಬೇಕಿತ್ತು.

"ಆರು ತಾಸು ಆಯ್ತು," ಅಂದ್ಳು ಡಾಕ್ಟರ್ ಬಾಯಿ. "ನಾಲ್ಕೂವರಿ ತಾಸಿನೊಳಗ ಬಂದಿದ್ರ ರಕ್ತದ ಗಡ್ಡಿ ಕರಗಸೋ ಇಂಜೆಕ್ಷನ್ ಕೊಡಬೋದಿತ್ತು. ಈಗ ಕೊಟ್ರ ತಲಿಯಾಗ ರಕ್ತ ಒಡಿಯೋ ಅಂಜಿಕಿ ಅದ. ಬ್ಯಾರೆ ಔಷಧಿ ಮಾಡ್ತೇವಿ."

"ಕೆಮ್ಮು ನೆಗಡಿ ಬಂದಿತ್ತರಿ, ಅಷ್ಟೇ," ಅಂದ ಮಾಧವ. "ಜ್ವರಾನೂ ಇಳದಿತ್ತು. ಎದಿ ಬಿಟ್ಟು ತಲಿಗಿ ಹ್ಯಾಂಗ ಹೋಯ್ತರಿ?"

"ಫ್ಲೂ ಬಂದು ಹೋದ ಒಂದೆರಡು ವಾರದಾಗ ವಯಸ್ಸಾದವರಿಗಿ ಹಿಂಗ ಆಗೋದು ಅದರಿ. ಮೈಯೆಲ್ಲಾ ಬ್ಯಾನಿ ಸಂಗಟ ಹೊಡದಾಡಿ ದಣದಿರತದ, ನೀರು ಕುಡದಿರಂಗಿಲ್ಲ, ರಕ್ತ ಗಡ್ಡಿ ಕಟ್ಟತದ. ಆ ಗಡ್ಡಿ ಹೋಗಿ ತಲಿಯಾಗ ಸಿಕ್ತು ಅಂದ್ರ ಹಿಂಗ. ಬಿಪಿ ಗುಳಗಿ ದಿನಾ ತಗೋತಿದ್ರಾ?"

"ಹೂಂ ರಿ," ಅಂದ ಮಾಧವ. ಮರುದಿನ ಹಾಸಿಗಿ ಝಾಡಿಸಿದಾಗ ಗುಳಗಿ ಉದುರಿದ್ವು.

ಬಲಗೈ, ಬಲಗಾಲು ಮಂದ ಆಗಿದ್ವು. ಮಾತು ಪೂರಾ ಹೋಗಿತ್ತು. ಭಾತಂಬ್ರಾದಿಂದ ಜಿಜಾಬಾಯಿ ಬಂದು ದವಾಖಾನಿ ವರಾಂಡಾದಾಗೇ ಕೋರ್ಟ್ ಹಚ್ಚಿದ್ಳು.

"ಹನ್ನೊಂದರಿಂದ ನಾಲ್ಕೂವರಿ ತನಕ ಏನು ಮಾಡ್ತಿದ್ದಿ ಪ್ರಮಿಲಾ? ಒಂದು ಸಲಾನೂ ಮುಖಾ ನೋಡಲಿಲ್ಲೇನು?"

"ಮಲಗಿದ್ರು ಅಂದ್ಕೊಂಡೆ ಅಕ್ಕಾ."

"ಅವ್ವಾ, ನೀನೇ ಹೇಳು. ಅಕಿ ನೋಡಿದ್ಳೇನು ನಿನ್ನ?"

ಅಂಜನಾಬಾಯಿ ಹೂಂ ಅಂತ ತಲಿ ಹಾಕಿದ್ಳು. ಡಾಕ್ಟರ್ ಬಾಯಿ ನಡುವ ಬಂದು, "ಈಗ ಅವರ ಹೌದು-ಅಲ್ಲಾ ಎರಡೂ ನಂಬಬ್ಯಾಡ್ರಿ," ಅಂತ ಹೇಳಿ, "ಅಮ್ಮಾ, ನೀವು ಬಸ್ ಡ್ರೈವರ್ ಏನು?" ಅಂತ ಕೇಳಿದ್ಳು. ಅದಕ್ಕೂ ಅಂಜನಾಬಾಯಿ ಹೂಂ ಅಂದ್ಳು. ಮಾಧವ ಬಾಗಲದ ಕಡಿ ಮುಖಾ ಮಾಡಿ ಕಣ್ಣೊರಸಿಕೊಂಡ.

ಹನ್ನೆರಡು ದಿನಕ್ಕ ಮನಿಗಿ ಕಳಿಸಿದ್ರು. ಕೆಲಸದ ವಾಟ್ನಿ ಆಯ್ತು, ಯಾರಿಗಿ ಯಾವುದು ಅಂತ. ಮುಂಜಾನಿ ಎಬ್ಬಿಸಿ ಕೂಡಸೋದು ಮಾಧವ, ಗುಳಗಿ ಶರ್ವರಿ, ಜಳಕ, ಊಟಾ, ಕೈಕಾಲು ತಿಕ್ಕೋದು ಪ್ರಮಿಲಾ. ಉಳದಿದ್ದು ಒಂದೇ. ಮಾತು ಕಲಿಸೋ ಹುಡುಗಿ ದವಾಖಾನ್ಯಾಗೇ ಹೇಳಿದ್ಳು: "ದಿನಾ ಎರಡು ತಾಸು ಯಾರರೇ ಎದರಿಗಿ ಕುಂತು ಇವರ ಸಂಗಟ ಮಾತಾಡಬೇಕು. ಸಾವಕಾಶ. ಸಾಮಾನು ತೋರಿಸಿ ಹೆಸರು ಹೇಳಬೇಕು, ಅವರು ಹೇಳೂ ತನಕ ಕಾಯಬೇಕು. ಮನ್ಯಾಗ ಇವರ ಸಂಗಟ ಜಾಸ್ತಿ ಮಾತಾಡೋರು ಯಾರು?"

ಮಾಧವಗ ಡ್ಯೂಟಿ. ಶರ್ವರಿಗಿ ಪರೀಕ್ಷಾ. ಹಗಲೆಲ್ಲಾ ಮನ್ಯಾಗ ಇರಾಕಿ ಒಬ್ಬಾಕಿನೇ.

ಹಿಂಗ ಇಪ್ಪತ್ತಾರು ವರ್ಷದ ಮ್ಯಾಲ ಸರಕಾರಿ ಹುಕುಂ ಬಂದಂಗ ಪ್ರಮಿಲಾ ಅತ್ತಿ ಎದರಿಗಿ ಕುಂತಳು. ಮೊದಲನೇ ದಿನ ಸೌಟು ಹಿಡದ್ಳು. "ಇದು ಸೌಟುರಿ. ಸೌ-ಟು." ಅಂಜನಾಬಾಯಿ ಗ್ವಾಡಿ ನೋಡಿದ್ಳು. ತಾಟು ಹಿಡದ್ಳು, ಗ್ವಾಡಿ. ಲಟ್ಟಣಿಗಿ ಹಿಡದ್ಳು, ಗ್ವಾಡಿ. ಎರಡು ತಾಸಿನಾಗ ಗ್ವಾಡಿಗಿ ಅಡಗಿ ಮನಿ ಅರ್ಧ ಸಾಮಾನು ಬಾಯಿಪಾಠ ಆಗಿತ್ತು.

ಸಂಜೀಕ ಗಂಡಗ ಕೇಳಿದ್ಳು: "ಇದು ಬ್ಯಾನಿನೋ ಅಬೋಲಾನೋರಿ? ಹ್ಯಾಂಗ ತಿಳ್ಕೋಬೇಕು?"

"ಡಾಕ್ಟರಿಗಿ ಕೇಳಲೇನು?"

"ಡಾಕ್ಟರಿಗಿ ಅಬೋಲಾಕ್ಕ ಸ್ಕ್ಯಾನ್ ಇಲ್ಲ."

ಮುಂದಿನ ವಾರ ಜಿಜಾಬಾಯಿ ಮತ್ತ ಬಂದ್ಳು, ಕೈಯಾಗ ಕೈಚೀಲ. ಚೀಲದಾಗ ಎರಡು ಪಾರಿವಾಳ. ಲಕ್ವಾ ಆದವರ ಮಗ್ಗಲದಾಗ ಪಾರಿವಾಳ ಇದ್ರ ಅದರ ರೆಕ್ಕಿ ಗಾಳಿಗಿ ಕೈಕಾಲು ಏಳ್ತಾವ ಅಂತ ಅಕಿಗಿ ಯಾರೋ ಹೇಳಿದ್ರು. ಭಾಲ್ಕಿ ಬಸ್ಸಿನಾಗ ಒಂದು ಪಾರಿವಾಳ ಚೀಲದಿಂದ ತಲಿ ತಗದು, ಹಿಂದಿನ ಸೀಟಿನವನ ಟಿಕೀಟ್ ನುಂಗಿ, ಕಂಡಕ್ಟರ್ ಬಂದು ಕೇಳಿದಾಗ ಮುಖಾ ತಿರುವಿತ್ತಂತ.

"ಅಕ್ಕಾ, ಮನಿ ತುಂಬ ಹೇಲತಾವ ಅವು," ಅಂದ್ಳು ಪ್ರಮಿಲಾ.

"ನೀ ಬಳೀತಿ. ನನ್ನ ಅವ್ವಗ ಐದು ತಾಸು ನೋಡದಾಕಿ, ಇಷ್ಟರೇ ಮಾಡು."

ಪ್ರಮಿಲಾ ಬಳದ್ಳು. ಪಾರಿವಾಳದಿಂದ ಅಂಜನಾಬಾಯಿ ಕೈ ಏಳಲಿಲ್ಲ, ಪ್ರಮಿಲಾನ ಸೊಂಟ ಬಿದ್ದಿತು. ನಾಲ್ಕನೇ ದಿನ ಖತೀಜಾ ಬೇಗಂ ಅವನ್ನ ತನ್ನ ಮಾಳಗಿಗಿ ಒಯ್ದಳು, ಅಲ್ಲಿ ಎರಡೂ ಸುಖವಾಗಿ ಸಂಸಾರ ಹೂಡಿದ್ವು.

ಮೊದಲನೇ ಮಾತು ಬಂದಿದ್ದು ಮನಿಗಿ ಬಂದ ಇಪ್ಪತ್ತೆರಡನೇ ದಿನ. ಕೈಕಾಲು ಕಸರತ್ತು ಮಾಡಿಸೋ ಹುಡುಗ ಬಲಗೈ ಜರಾ ಜೋರಿಲೆ ಎಳದ. "ಮಂಗ್ಯಾ!" ಅಂದ್ಳು ಅಂಜನಾಬಾಯಿ, ಸ್ಪಷ್ಟ, ಗಂಟಿ ಹೊಡದಂಗ.

ಮನಿ ತುಂಬ ಹಬ್ಬ. ಮಾಧವ ಔರಾದದಿಂದ ಪೇಡೆ ತಂದು ಹಂಚಿದ. ಅವಗೂ ಒಂದು ಸಿಕ್ತು: "ಮಂಗ್ಯಾ." ಶರ್ವರಿಗೂ, ಹಾಲಿನವಗೂ, ಖತೀಜಾ ಬೇಗಂಗೂ. ಬೈಗುಳ, ಎಣಿಕಿ, ಭಜನಿ ಇಂಥವು ಮೊದಲು ಬರ್ತಾವ, ಅವು ತಲಿಯಾಗ ಬ್ಯಾರೆ ಕಡಿ ಕುಂತಿರ್ತಾವ ಅಂತ ಮಾತಿನ ಹುಡುಗಿ ಹೇಳಿದ್ಳು.

ಪ್ರಮಿಲಾ ಒಬ್ಬಾಕಿಗೇ ಏನೂ ಬರಲಿಲ್ಲ. ಎರಡು ತಾಸು ಕುಂತು ಮಾತಾಡಾಕಿ ಅಕಿ, ಉಣಿಸಾಕಿ ಅಕಿ, ಹೇಲು ಉಚ್ಚಿ ತಗ್ಯಾಕಿ ಅಕಿ. ಹಾಲಿನವಗ ಸಿಕ್ಕಿದ್ದು ಅಕಿಗಿ ಇಲ್ಲ.

"ಅತ್ತಿಯವರ," ಅಂದ್ಳು ಒಂದಿನ, ಬಟ್ಟಲದಾಗ ಅಂಬಲಿ ಕಲಸ್ಕೋತ, "ನನಗೂ ಒಂದು ಬೈರಿ. ನಾ ಏನು ಪಾಪಾ ಮಾಡೀನಿ?"

ಏನು ಮಾಡೀನಿ ಅನ್ನೋದು ಅಕಿಗಿ ಗೊತ್ತಿತ್ತು. ಎದರಿಗಿ ಕುಂತಾಕಿಗೂ ಗೊತ್ತಿತ್ತು. ಜಗತ್ತಿನಾಗ ಮೂರನೇದವರಿಗಿ ಗೊತ್ತಿದ್ದಿಲ್ಲ. ಅತ್ತಿಗಿ ಮಾತು ಬಂತು ಅಂದ್ರ ಆ ಮಾತೂ ಬರತದ, ಮತ್ತ ಆ ಮಾತು ತರಲಾಕ ದಿನಾ ಎರಡು ತಾಸು ಜಗ್ಗಾಕಿ ತಾನೇ.

ಒಂದಿನ ಸೊಂಟ ನೋವು ಅಂತ ಪಾಠ ಬಿಟ್ಟಳು. ಮರುದಿನ ತಲಿ ನೋವು. ಮೂರನೇ ದಿನ ಅಂಜನಾಬಾಯಿ, ಎರಡು ದಿನದ ಹಿಂದ 'ತಾಟು' ಅಂತಿದ್ದಾಕಿ, ತಾಟು ನೋಡಿ "ತಾ... ತಾ..." ಅಂತ ತಡವರಿಸಿ, ಎಡಗೈಲೆ ಹಣಿ ಬಡಕೊಂಡ್ಳು. ಪ್ರಮಿಲಾ ಒಲಿ ಆರಿಸಿ ಬಂದು ಕುಂತಳು. ಆವತ್ತು ನಾಲ್ಕು ತಾಸು ಕುಂತಳು. ಮಧ್ಯಾಹ್ನದ ಅಡಗಿ ಆಗಲಿಲ್ಲ, ಶರ್ವರಿ ಬ್ರೆಡ್ ತಿಂದು ಪರೀಕ್ಷಾ ಬರೀಲಾಕ ಹೋದ್ಳು.

ಸೌಟು ಬಂತು, ನೀರು ಬಂತು, ರೊಟ್ಟಿ ಬಂತು. ಒಂದರಿಂದ ಹತ್ತರ ತನಕ ಎಣಿಕಿ ಬಂತು. ಒಂದು ಐತವಾರ ಶರ್ವರಿ ಬಾಗಲದಾಗ ನಿಂತು ಪಾಠ ಕೇಳಿದ್ಳು.

"ಮಮ್ಮಿ, ಅಡಗಿ ಮನ್ಯಾಗಿಂದು ಎಲ್ಲಾ ಕಲಿಸಿದಿ. ಛಾ ಯಾಕ ಕಲಿಸಿಲ್ಲ? ಆಯಿ ದಿನಕ್ಕ ನಾಲ್ಕು ಸಲ ಛಾ ಕುಡೀತಾಳ."

"ಕಲಸ್ತೇನಿ."

"ಮತ್ತ ಹತ್ತಕ್ಕ ಯಾಕ ನಿಲ್ಲಸ್ತಿ? ಹನ್ನೊಂದು ಹೇಳಸು."

"ನಿನ್ನ ಪರೀಕ್ಷಾ ಮುಗೀತಾ? ಹೋಗಿ ಓದ್ಕೊ."

ಅಂಜನಾಬಾಯಿ ಸೊಸೀನ ಮುಖಾನೇ ನೋಡ್ಲಾಕತ್ತಿದ್ಳು. ಗ್ವಾಡಿ ಬಿಟ್ಟು ಭಾಳ ದಿನ ಆಗಿತ್ತು.

ಶಿವರಾತ್ರಿ ಮುಗದ ಮ್ಯಾಲ ಜಿಜಾಬಾಯಿ ಮೂರನೇ ಸಲ ಬಂದ್ಳು. ಈ ಸಲ ಪಾರಿವಾಳ ಇದ್ದಿಲ್ಲ, ಖಾಲಿ ಟ್ರಂಕ್ ಇತ್ತು. "ಅವ್ವನ ಅರಬಿ ತುಂಬು," ಅಂದ್ಳು ಶರ್ವರಿಗಿ. "ನಾಲ್ಕರ ಬಸ್ಸಿಗಿ ನಾ ಕರಕೊಂಡು ಹೋಗ್ತೇನಿ."

"ಅಕ್ಕಾ, ಇಲ್ಲಿ ದವಾಖಾನಿ ಹಂತ್ಯಾಕ ಅದ," ಅಂದ ಮಾಧವ.

"ದವಾಖಾನಿ ಹಂತ್ಯಾಕಿದ್ದು ಏನು ಉಪಯೋಗ ಆಯ್ತೋ? ಆರು ತಾಸಿಗಿ ಮುಟ್ಟಿದ್ರಿ. ಭಾತಂಬ್ರಾದಿಂದ ನಡಕೋತ ಬಂದಿದ್ರೂ ಅದಕ್ಕಿಂತ ಮೊದಲು ಬರ್ತಿದ್ದೆವು." ಹಾಸಿಗಿ ತುದಿಗಿ ಕುಂತು ಅವ್ವನ ಕೈ ಹಿಡದ್ಳು. "ಅವ್ವಾ, ಈಗ ನಿನಗ ಮಾತು ಬರ್ತಾವ. ಎಲ್ಲಾರ ಮುಂದ ಖರೇ ಹೇಳು. ಆವತ್ತು ನಿನಗ ಹಿಂಗ ಆದಾಗ ಪ್ರಮಿಲಾ ನೋಡಿದ್ಳೋ, ಇಲ್ಲೋ?"

ಅಂಜನಾಬಾಯಿ ಬಾಯಿ ತಗದ್ಳು. ತುಟಿ ಹೊಂದಿಸಿಕೊಳ್ಳಲಾಕ ಅಕಿಗಿ ಹೊತ್ತು ಬೇಕು. ಆ ಹೊತ್ತು ಕಾಯೋದನ್ನ ಆರು ವಾರದಾಗ ಎಲ್ಲಾರಕಿಂತ ಛಂದ ಕಲತಾಕಿ ಪ್ರಮಿಲಾ. ಈ ಸಲ ಕಾಯಲಿಲ್ಲ.

"ನೋಡಿದೆ," ಅಂದ್ಳು. "ಹನ್ನೊಂದಕ್ಕೇ ನೋಡಿದೆ ಅಕ್ಕಾ. ಕೈಯಾಗಿಂದ ಲೋಟಾ ಬಿತ್ತು. ಬಾಯಿ ಸೊಟ್ಟ ಆಗಿತ್ತು. ನಾಟಕ ಅಂದ್ಕೊಂಡೆ. ಕೇಳಿದ್ರ ಸೋತಂಗ ಆಗತದ ಅಂತ ಕೇಳಲಿಲ್ಲ. ಒರಸಿ ಒಳಗ ಹೋದೆ. ಉಂಡೆ. ಮಲಗಿದೆ."

ಮಾಧವ ಕುರ್ಚಿ ಹಿಡಕೊಂಡು ಕುಂತ. "ಮಲಗಿದಿ?" ಅಂದ, ಭಾಳ ಸಣ್ಣ ದನ್ಯಾಗ. ಅವನ ಕಂಡಕ್ಟರ್ ಕಂಠದಾಗ ಅಂಥ ದನಿ ಅದ ಅಂತ ಯಾರಿಗೂ ಗೊತ್ತಿದ್ದಿಲ್ಲ.

"ಕೇಳಿದೇನೋ!" ಅಂತ ಜಿಜಾಬಾಯಿ ಎದ್ದು ನಿಂತಳು. "ನನ್ನ ಅವ್ವ ಕಣ್ಣ ಮುಂದ ಬಿದ್ದರ ಇಕಿ ನೆಲಾ ಒರಸಿದ್ಳಂತ! ಮಂದಿ ನಾಯಿಗಿ ನೀರು ಹಾಕ್ತಾರ! ನೀ ಏನು ಹೆಂಗಸೇನ..."

ದಪ್ ಅಂತ ಸಪ್ಪಳ ಆಯ್ತು. ಅಂಜನಾಬಾಯಿ ಎಡಗೈಲೆ ಮಂಚ ಬಡದಿದ್ಳು.

"ನಾ," ಅಂದ್ಳು. "ನಾ... ನೂ."

"ಏನವ್ವಾ?"

"ಮುಂ... ಮುಂಜಾನಿ. ಕೈ." ಬಲಗೈ ಕಡಿ ತೋರಿಸಿದ್ಳು. "ಜುಂ. ಜುಂ."

ಶರ್ವರಿ ಹಾಸಿಗಿ ಹಂತ್ಯಾಕ ಕುಂತಳು. "ಆಯಿ, ಮುಂಜಾನಿಯಿಂದ ಕೈ ಜುಂ ಅಂತಿತ್ತಾ? ಛಾಕ್ಕಿಂತ ಮೊದಲೇ?"

"ಹೂಂ."

"ಆಗ ನಿನಗ ಮಾತು ಬರ್ತಿದ್ವಾ?"

"ಬ... ಬರ್ತಿದ್ವು."

"ಹಂಗಾದ್ರ ಬಸ್ ಡ್ರೈವರ್ ಏನು ನೀ?"

"ಅಲ್ಲ, ಮಂಗ್ಯಾ."

"ಮತ್ತ ಮಮ್ಮಿಗಿ ಯಾಕ ಕರೀಲಿಲ್ಲ ಆಯಿ? ಅಡಗಿ ಮನಿ ನಾಕು ಹೆಜ್ಜಿ ಅದ."

ಮಾತು ಸಿಗದೇ ಇದ್ದಾಗ ಅಂಜನಾಬಾಯಿ ಹಣಿ ಬಡಕೋತಿದ್ಳು, ಈಗ ಬಡಕೊಳ್ಳಲಿಲ್ಲ. ಮಾತು ಸಿಕ್ಕಿತ್ತು, ಆಡೋದು ಬ್ಯಾಡಾಗಿತ್ತು.

"ಸೋ... ಸೋಲ್ತಿದ್ದೆ," ಅಂದ್ಳು.

ಜಿಜಾಬಾಯಿ ಇನ್ನೂ ನಿಂತೇ ಇದ್ದಳು. ಸಿಟ್ಟು ಬಾಯಿ ತುಂಬ ಇತ್ತು, ಉಗುಳಲಾಕ ಜಾಗಾ ಸಿಗವಲ್ದು. ಅವ್ವನ ನೋಡಿದ್ಳು, ಪ್ರಮಿಲಾನ ನೋಡಿದ್ಳು.

"ಇಬ್ಬರೂ ಹುಚ್ಚರೇ!" ಅಂದ್ಳು ಕಡೀಕ. "ಅರಬಿ ತುಂಬಲೇನು ಅವ್ವಾ? ಬರ್ತೀಯೋ ಇಲ್ಲೋ?"

"ಬ್ಯಾಡ."

"ಇಲ್ಲೇ ಇರ್ತಿ? ಇಕಿ ಕೈಯಾಗ?"

"ಇಲ್ಲೇ."

ಜಿಜಾಬಾಯಿ ಅತ್ತಳು. ತಾನೂ ಆ ಹಬ್ಬದ ದಿನ ಕೆಮ್ಮಿದ್ದು ತನಗ ನೆನಪದ, ನಿದ್ದಿ ಬರಂಗಿಲ್ಲ ಅಂತ ಹೇಳಿ ಮತ್ತಷ್ಟು ಅತ್ತಳು. ಮಾಧವ ಖಾಲಿ ಟ್ರಂಕ್ ಹೊತ್ಕೊಂಡು ಅಕ್ಕನ ಬಸ್ ಸ್ಟ್ಯಾಂಡಿಗಿ ಕರಕೊಂಡು ಹೋದ. ಹೋಗೂ ಮುಂದ ಹೆಂಡತಿ ಕಡಿ ನೋಡಲಿಲ್ಲ. ಆ ಲೆಕ್ಕ ಬ್ಯಾರೆ, ಅದು ತೀರಲಾಕ ವರ್ಷಾನೇ ಬೇಕಾದೀತು. ಶರ್ವರಿ ಒಲಿ ಕಡಿ ಹೋದ್ಳು.

ಪಾಠದ ಹೊತ್ತಾಗಿತ್ತು. ಪ್ರಮಿಲಾ ಎಂದಿನಂಗ ಮಂಚದ ಎದರಿಗಿ ಬಂದು ಕುಂತಳು. ಮುಂದ ಸೌಟು, ತಾಟು, ಲಟ್ಟಣಿಗಿ ಇಟ್ಕೊಂಡ್ಳು. ಒಂದನ್ನೂ ಎತ್ತಲಿಲ್ಲ. ಬಾಯಿ ಏಳವಲ್ದು. ಇಷ್ಟು ದಿನ ಅತ್ತಿಗಿ ಬಂದಿದ್ದು ಈಗ ತನಗೇ ಬಂದಂಗ ನಾಲಿಗಿ ಅಲ್ಲೇ ಬಿದ್ದಿತ್ತು. ತಲಿ ಕೆಳಗ ಹಾಕಿ ನೆಲದ ಫರಸಿ ಎಣಸ್ಕೋತ ಕುಂತಳು.

"ಏ," ಅಂದ್ಳು ಅಂಜನಾಬಾಯಿ.

ಪ್ರಮಿಲಾ ತಲಿ ಎತ್ತಿದ್ಳು.

"ಮಾ... ಮಾತಾಡು."

ಪ್ರಮಿಲಾ ಸೆರಗಿಲೆ ಮೂಗು ಒರಸಿದ್ಳು. "ಏನು ಮಾತಾಡ್ಲಿರಿ?"

ಅಂಜನಾಬಾಯಿ ತುಟಿ ಹೊಂದಿಸಿಕೊಂಡ್ಳು. ಪ್ರಮಿಲಾ ಕಾದಳು.

"ಏ... ಏನರೇ."

ಪ್ರಮಿಲಾ ಜರಾ ಮುಂದ ಸರದು ಕುಂತಳು. "ಇವತ್ತು ನಳ ಬಂದಿಲ್ಲರಿ," ಅಂತ ಶುರು ಮಾಡಿದ್ಳು. "ಟ್ಯಾಂಕರಿನವ ಹತ್ತಕ್ಕ ಬರ್ತೇನಿ ಅಂದಾವ ಮೂರಕ್ಕೂ ಬಂದಿಲ್ಲ. ನಿನ್ನಿ ಹಿಂಗೇ ಮಾಡಿದ. ಖತೀಜಾ ಅವಗ ಏನಂದ್ಳು ಗೊತ್ತೇನ್ರಿ..."